ಅಂಕುಡೊಂಕಾದ ಈಜುಕೊಳಕ್ಕೆ ಯಾವ ಸೋಲಾರ್ ಕವರ್?

ಸೋಲಾರ್ ಕವರ್ ಅಂದರೆ ಕೊಳದ ಬಿಸಿ ಉಳಿಸಲು ನೀರಿನ ಮೇಲೆ ಹಾಕುವ ಹೊದಿಕೆ. ಕೊಳದ ಬಿಸಿ ಜಾಸ್ತಿ ಹೋಗುವುದು ನೀರು ಆವಿಯಾಗುವುದರಿಂದ. ಹಾಗಾಗಿ ಎಷ್ಟು ಭಾಗ ಮುಚ್ಚುತ್ತೀರಿ ಅನ್ನೋದೇ ಮುಖ್ಯ. ಆ ಲೆಕ್ಕದಲ್ಲಿ ಅಂಚಿಗೆ ತಕ್ಕಂತೆ ಕತ್ತರಿಸಿದ ಗುಳ್ಳೆ ಹಾಳೆಯೇ (ಗಾಳಿಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆ) ಮೇಲು. ಕೊಳದ ಅತಿ ಉದ್ದ, ಅತಿ ಅಗಲಕ್ಕೆ ಸಾಲುವ ಹಾಳೆ ತಗೊಳ್ಳಿ. ಗುಳ್ಳೆ ಕೆಳಗೆ ಬರುವಂತೆ ನೀರಿನ ಮೇಲೆ ಹರಡಿ, ಕೆಲವು ದಿನ ಬಿಸಿಲಿಗೆ ಬಿಡಿ. ಮಡಿಕೆಗಳು ಬಿಟ್ಟುಕೊಂಡ ಮೇಲೆ ಕತ್ತರಿ ಹಿಡಿಯಿರಿ. ಅವಸರಪಟ್ಟು ಜಾಸ್ತಿ ಕತ್ತರಿಸಿದರೆ ಮತ್ತೆ ಅಂಟಿಸೋಕಾಗಲ್ಲ, ಅಲ್ವಾ?

ಕಷ್ಟ ಇರುವುದು ತೆಗೆಯುವಾಗ. ಸುತ್ತುವ ರೋಲರ್ ಆಯತದ ಕೊಳಕ್ಕೆ ಸರಿ. ಗೋಡಂಬಿ ಆಕಾರದ ಕೊಳದಲ್ಲಿ ಹಾಳೆ ಓರೆಯಾಗಿ ಸುತ್ತಿಕೊಳ್ಳುತ್ತದೆ. ಎರಡು ಮೂರು ತುಂಡು ಮಾಡಿಕೊಂಡರೆ ಒಬ್ಬರೇ ಎಳೆಯಬಹುದು.

ತೇಲುವ ಸೋಲಾರ್ ರಿಂಗ್‌ಗಳಿಗೆ (ನೀರಿನ ಮೇಲೆ ಬಿಡಿಬಿಡಿಯಾಗಿ ಬಿಡುವ ದುಂಡನೆಯ ಹೊದಿಕೆಗಳು) ಕತ್ತರಿ ಬೇಡ. ಆದರೆ ದುಂಡಗಿರುವುದರಿಂದ ನಡುವೆ ಜಾಗ ಖಾಲಿ ಉಳಿಯುತ್ತದೆ, ಗಾಳಿಗೆ ಒಂದೇ ಕಡೆ ಸೇರುವುದೂ ಉಂಟು. ದ್ರವ ಕವರ್, ಅಂದರೆ ನೀರಿನ ಮೇಲೆ ತೆಳು ಪದರವಾಗಿ ಹರಡಿ ಆವಿ ತಡೆಯುವ ದ್ರವ, ಸುಮ್ನೆ ಸುರಿದರಾಯಿತು. ಆದರೆ ಜೋರು ಗಾಳಿಗೆ ಅದರ ಪದರ ಒಡೆಯುತ್ತದೆ, ಆಗಾಗ ಹಾಕುತ್ತಲೇ ಇರಬೇಕು.

ಬಿಸಿ ಉಳಿಯಬೇಕೆಂದರೆ ತುಂಡು ಹಾಳೆ. ಎಳೆದಾಡುವ ಗೋಜೇ ಬೇಡವೆಂದರೆ ದ್ರವ. ಮನೆಯಲ್ಲಿ ಮಕ್ಕಳಿದ್ದರೆ ಇವ್ಯಾವುದನ್ನೂ ಸುರಕ್ಷತೆಯ ಮುಚ್ಚಳ ಅಂದುಕೊಳ್ಳಬೇಡಿ. ಹಾಳೆಯ ಮೇಲೆ ಕಾಲಿಟ್ಟರೆ ಅದು ಭಾರ ತಡೆಯುವುದಿಲ್ಲ, ಈಜುವ ಮೊದಲು ಪೂರ್ತಿ ತೆಗೆಯಲೇಬೇಕು.