ರಬ್ಬರ್ ಅಂಗಡಿಯ ಆಸಿಡ್, ಜೇನುಪೆಟ್ಟಿಗೆಯ ನುಸಿ

ನಾನು ಬರೆಯಲು ಹೊರಟಿರುವುದು ಒಂದು ಲೀಟರ್‌ನ ಪ್ಲಾಸ್ಟಿಕ್ ಕ್ಯಾನಿನ ಬಗ್ಗೆ. ಒಳಗಿರುವುದು ಶೇಕಡಾ 85ರ ಫಾರ್ಮಿಕ್ ಆಸಿಡ್. ಸುಳ್ಯ, ಪುತ್ತೂರು ಕಡೆ ರಬ್ಬರ್ ಸಾಮಗ್ರಿ ಮಾರುವ ಯಾವ ಅಂಗಡಿಗೆ ಹೋದರೂ ಟ್ಯಾಪಿಂಗ್ ಕತ್ತಿ, ಹಾಲು ಹಿಡಿಯುವ ಚಿಪ್ಪುಗಳ ಪಕ್ಕದಲ್ಲೇ ಸಿಗುತ್ತದೆ. ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಿ ಶೀಟ್ ಮಾಡುವುದಕ್ಕೆ ಅದನ್ನು ತಯಾರಿಸಿದ್ದಾರೆ. ಕ್ಯಾನಿನ ಮೇಲೆ ಜೇನಿನ ಬಗ್ಗೆ ಒಂದಕ್ಷರವೂ ಇಲ್ಲ. ಆದರೂ ಮೆಲ್ಲಿಫೆರಾ ಎಂಬ ಯುರೋಪಿನ ಜೇನಿನ ಪೆಟ್ಟಿಗೆಗಳಲ್ಲಿ, ನೊಣಗಳನ್ನೂ ಮರಿಗಳನ್ನೂ ತಿಂದು ಬದುಕುವ ವರೋವಾ ನುಸಿಯನ್ನು ಹತೋಟಿಗೆ ತರಲು ಇದಕ್ಕಿಂತ ನಂಬಿಕೆಗೆ ಅರ್ಹವಾದ ವಸ್ತು ನಮ್ಮ ಹವೆಗೆ ಬೇರೊಂದಿಲ್ಲ ಎಂಬುದು ವರ್ಷಗಳ ಬಳಕೆಯ ನಂತರದ ನನ್ನ ತೀರ್ಮಾನ.

ನಮ್ಮದು ಸುಳ್ಯ ತಾಲ್ಲೂಕಿನ ಕಾಡಂಚಿನ ಅಡಿಕೆ ತೋಟ. ಸುತ್ತ ರಬ್ಬರ್. ಡಿಸೆಂಬರ್–ಜನವರಿಯಲ್ಲಿ ಎಲೆ ಉದುರಿ ಹೊಸ ಚಿಗುರು ಬಂದಾಗ ರಬ್ಬರ್ ಎಲೆಯ ತೊಟ್ಟಿನ ತುದಿಯಲ್ಲಿ ಮಧು ಒಸರುತ್ತದೆ. ಹೂವಿನಿಂದಲ್ಲ, ಎಲೆಯಿಂದ. ಮಾರ್ಚ್‌ವರೆಗೆ ಆ ಒಸರಿನಲ್ಲೇ ನಮ್ಮ ವರ್ಷದ ಮುಖ್ಯ ಜೇನು ತುಂಬುತ್ತದೆ. ಜೂನ್ ಕೊನೆಯ ಹೊತ್ತಿಗೆ ಪೆಟ್ಟಿಗೆಗಳನ್ನು ಲಾರಿಗೆ ಏರಿಸಿ ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲಗಳಿಗೆ ಒಯ್ಯುತ್ತೇವೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಈ ಭಾಗದ ನಾಡಜೇನಾದ ತುಡುವೆಯ ಕುಟುಂಬಗಳನ್ನು ಬಹುತೇಕ ಬರಿದು ಮಾಡಿತ್ತು. ನಮ್ಮ ಮಾವನವರ ಪೆಟ್ಟಿಗೆಗಳೂ ಆಗಲೇ ಖಾಲಿಯಾದವು. ಮುಂದೆ ಮನೆಗೆ ಮೆಲ್ಲಿಫೆರಾ ಬಂತು, ಅದರೊಂದಿಗೆ ನುಸಿಯ ಚಿಂತೆಯೂ ಬಂತು.

ಈ ಆಸಿಡ್ ಏಕೆ ಬೇಕು ಎಂದು ತಿಳಿಯಬೇಕಾದರೆ ನುಸಿಯ ಬದುಕನ್ನು ಅರಿಯಬೇಕು. ಹೆಣ್ಣು ವರೋವಾ ಒಂದೂವರೆ ಮಿಲಿಮೀಟರ್ ಅಗಲದ, ಕೆಂಪು ಕಂದು ಬಣ್ಣದ ಚಪ್ಪಟೆ ಜೀವಿ. ಮರಿಹುಳು ಬೆಳೆದು ಜೇನುನೊಣಗಳು ಎರಿಯ ಕಣದ ಬಾಯಿಗೆ ಮೇಣ ಮುಚ್ಚುವ ಸ್ವಲ್ಪ ಮೊದಲು ಅದು ಒಳಗೆ ನುಸುಳಿ ಮರಿಯ ಆಹಾರದ ತಳದಲ್ಲಿ ಅಡಗುತ್ತದೆ. ಬಾಯಿ ಮುಚ್ಚಿದ ಮೇಲೆ ಮೊಟ್ಟೆ ಇಡಲು ತೊಡಗುತ್ತದೆ. ಮೊದಲನೆಯದು ಗಂಡು, ನಂತರದವು ಹೆಣ್ಣು, ಸುಮಾರು ಮೂವತ್ತು ಗಂಟೆಗೊಂದು. ಹುಟ್ಟಿದವುಗಳ ಮಿಲನವೂ ಆ ಕತ್ತಲ ಕೋಣೆಯೊಳಗೇ ನಡೆಯುತ್ತದೆ. ಕೆಲಸಗಾರ ನೊಣದ ಕಣ ಮುಚ್ಚಿರುವುದು ಹನ್ನೆರಡು ದಿನ. ಗಂಡುನೊಣದ್ದು ಇನ್ನೂ ಎರಡು ಮೂರು ದಿನ ಹೆಚ್ಚು, ಆದ್ದರಿಂದ ನುಸಿಗೆ ಗಂಡುಮರಿಯೇ ಹೆಚ್ಚು ಇಷ್ಟ. ನೊಣ ಹೊರಬರುವಾಗ ತಾಯಿನುಸಿಯೂ ಬಲಿತ ಮಗಳುನುಸಿಗಳೂ ಅದರ ಮೈಗೆ ಅಂಟಿಕೊಂಡು ಬರುತ್ತವೆ. ನುಸಿ ಹೀರುವುದು ನೊಣದ ರಕ್ತವನ್ನು ಎಂದೇ ಬಹಳ ಕಾಲ ನಂಬಿದ್ದರು. ಅದು ಮುಖ್ಯವಾಗಿ ತಿನ್ನುವುದು ನೊಣದ ಕೊಬ್ಬಿನ ಅಂಗಾಂಶವನ್ನು ಎಂದು 2019ರಲ್ಲಿ ಅಮೆರಿಕದ ವಿಜ್ಞಾನಿ ಸ್ಯಾಮ್ಯುಯೆಲ್ ರಾಮ್ಸಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಕಚ್ಚಿದ ಗಾಯದ ಮೂಲಕ ರೆಕ್ಕೆ ಮುರುಟಿಸುವ ವೈರಸ್ ಕೂಡ ಒಳಹೋಗುತ್ತದೆ. ಪೆಟ್ಟಿಗೆಯ ಮುಂದೆ ಹುಲ್ಲಿನಲ್ಲಿ ಮುದುಡಿದ ರೆಕ್ಕೆಯ ಎಳೆಯ ನೊಣಗಳು ಹಾರಲಾಗದೆ ತೆವಳುತ್ತಿದ್ದರೆ ತಡವಾಗಿದೆ ಎಂದೇ ಅರ್ಥ. ಆ ದೃಶ್ಯ ಕಂಡರೆ ನನಗೆ ಇಂದಿಗೂ ಹೊಟ್ಟೆ ಕಿವುಚುತ್ತದೆ.

ಹಾಗಾದರೆ ಯಾವ ಹೊತ್ತಿಗೆ ನೋಡಿದರೂ ನುಸಿಗಳ ಬಹುಪಾಲು ಮುಚ್ಚಿದ ಕಣಗಳ ಒಳಗಿದೆ. ನೊಣಗಳ ಮೈಮೇಲಿರುವುದನ್ನು ಮಾತ್ರ ಕೊಲ್ಲುವ ಮದ್ದು ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಫಾರ್ಮಿಕ್ ಆಸಿಡ್‌ನ ಆವಿ ಮೇಣದ ಮುಚ್ಚಳವನ್ನು ದಾಟಿ ಒಳಗಿನ ನುಸಿಯನ್ನು ಮುಟ್ಟುತ್ತದೆ. ಇದೊಂದೇ ಗುಣಕ್ಕಾಗಿ ನಾನು ಇದರ ಉಳಿದ ಕಷ್ಟಗಳನ್ನೆಲ್ಲ ಸಹಿಸುತ್ತೇನೆ.

ಬೇರೆಯವನ್ನು ನೋಡದೆ ಈ ಮಾತು ಹೇಳುತ್ತಿಲ್ಲ. ಆಕ್ಸಾಲಿಕ್ ಆಸಿಡ್ ಒಳ್ಳೆಯದೇ, ಆದರೆ ಅದು ಮುಚ್ಚಳ ದಾಟುವುದಿಲ್ಲ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ರಾಣಿ ಮೊಟ್ಟೆ ನಿಲ್ಲಿಸುತ್ತದೆ, ಆಗ ನುಸಿಗೆ ಅಡಗಲು ಕಣವೇ ಇರುವುದಿಲ್ಲ. ನಮ್ಮ ಕರಾವಳಿಯ ಹವೆಯಲ್ಲಿ ರಾಣಿ ವರ್ಷವಿಡೀ ಮೊಟ್ಟೆ ಇಡುತ್ತಲೇ ಇರುತ್ತದೆ. ರಾಣಿಯನ್ನು ಮೂರು ವಾರಕ್ಕೂ ಮೇಲೆ ಪಂಜರದಲ್ಲಿ ಕೂರಿಸಿದರೆ ಮಾತ್ರ ಇಲ್ಲಿ ಅದು ಪೂರ್ತಿ ಕೆಲಸ ಮಾಡೀತು. ಚೌಕಟ್ಟಿನ ಮೇಲೆ ಗಂಧಕದ ಪುಡಿ ಉದುರಿಸುವ ಪದ್ಧತಿಯಿಂದ ನನಗೆ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ.

ನುಸಿಯ ಮದ್ದು ಹಚ್ಚಿದ ಪಟ್ಟಿಗಳ ವಿಷಯ ಸ್ವಲ್ಪ ಹೇಳಲೇಬೇಕು, ಏಕೆಂದರೆ ಹೊಸಬರು ಮೊದಲು ಕೊಳ್ಳುವುದು ಅದನ್ನೇ. ಚೌಕಟ್ಟುಗಳ ನಡುವೆ ನೇತುಹಾಕಿ ಮರೆತುಬಿಡಬಹುದು, ಕೈ ಸುಡುವುದಿಲ್ಲ. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಫ್ಲುವಾಲಿನೇಟ್ ಅಥವಾ ಅಮಿಟ್ರಾಜ್ ಎಂಬ ನುಸಿನಾಶಕ. ಫ್ಲುವಾಲಿನೇಟ್ ಮೇಣದಲ್ಲಿ ಕರಗಿ ವರ್ಷಗಟ್ಟಲೆ ಉಳಿಯುತ್ತದೆ, ಅದಕ್ಕೆ ಜಗ್ಗದ ನುಸಿಗಳು ಯುರೋಪಿನಲ್ಲಿ 1990ರ ದಶಕದಲ್ಲೇ ಕಾಣಿಸಿಕೊಂಡವು. 2025ರ ಆರಂಭದಲ್ಲಿ ಅಮೆರಿಕದಲ್ಲಿ ಲೆಕ್ಕವಿಲ್ಲದಷ್ಟು ಕುಟುಂಬಗಳು ನಾಶವಾದಾಗ ಅಲ್ಲಿನ ಕೃಷಿ ಇಲಾಖೆಯ ವಿಜ್ಞಾನಿಗಳು ಪರೀಕ್ಷಿಸಿದ ನುಸಿಗಳಲ್ಲಿ ಅಮಿಟ್ರಾಜ್‌ಗೆ ಜಗ್ಗದ ಲಕ್ಷಣ ಸಿಕ್ಕಿತು. ನಾನು ಆನ್‌ಲೈನ್‌ನಲ್ಲಿ ತರಿಸಿದ ಒಂದು ಪೊಟ್ಟಣದ ಮೇಲಂತೂ ಒಳಗಿರುವ ಔಷಧ ಯಾವುದು, ಎಷ್ಟು ಎಂಬುದೇ ಇರಲಿಲ್ಲ. ತಿನ್ನುವ ಜೇನು ಇಡುವ ಮನೆಯೊಳಗೆ ಹೆಸರಿಲ್ಲದ ವಿಷವನ್ನು ತೂಗುಹಾಕುವುದು ಹೇಗೆ? ಅದನ್ನು ಬಳಸದೆ ವಾಪಸು ಕಳಿಸಿದೆ. ಫಾರ್ಮಿಕ್ ಆಸಿಡ್ ಮೇಣದಲ್ಲಿ ಶೇಖರವಾಗುವುದಿಲ್ಲ, ಆವಿಯಾಗಿ ಹೊರಟುಹೋಗುತ್ತದೆ. ನಮ್ಮ ಚಿಗಳಿ ಇರುವೆ ಕಚ್ಚಿದಾಗ ಉರಿಯುವುದೂ ಇದೇ ಆಮ್ಲದಿಂದ. ಜೇನುತುಪ್ಪದಲ್ಲೂ ಇದು ಅಲ್ಪ ಪ್ರಮಾಣದಲ್ಲಿ ಸಹಜವಾಗಿಯೇ ಇರುತ್ತದೆ.

ಬಳಸುವ ಕ್ರಮ ಹೀಗಿದೆ. ಮೊದಲು ತುಪ್ಪ ಶೇಖರವಾಗುವ ಮೇಲಿನ ಜೇನು ಕೋಣೆಯನ್ನು ಪೂರ್ತಿ ತೆಗೆಯುತ್ತೇನೆ. ಮಾರುವ ತುಪ್ಪ ಪೆಟ್ಟಿಗೆಯಲ್ಲಿರುವಾಗ ಆಸಿಡ್ ಇಡುವುದಿಲ್ಲ, ಇದರಲ್ಲಿ ರಾಜಿ ಇಲ್ಲ. ಹೋಮಿಯೋಪತಿ ಮಾತ್ರೆಯ ಪುಟ್ಟ ಗಾಜಿನ ಸೀಸೆಗೆ ಸಿರಿಂಜಿನಲ್ಲಿ 5 ಮಿ.ಲೀ. ಆಸಿಡ್ ತುಂಬಿ, ಬಾಯಿಗೆ ಹತ್ತಿಯ ಬತ್ತಿ ಸಿಕ್ಕಿಸುತ್ತೇನೆ. ತರಬೇತಿಯಲ್ಲಿ ಸೀಸೆಯನ್ನು ಅಡಿ ಹಲಗೆಯ ಮೇಲೆ ಇಡಲು ಹೇಳಿಕೊಟ್ಟಿದ್ದರು. ಆದರೆ ಈ ಆವಿ ಗಾಳಿಗಿಂತ ಭಾರ, ಮೇಲಿಟ್ಟರೆ ತಾನಾಗಿ ಕೆಳಗಿಳಿದು ಎರಿಗಳ ನಡುವೆ ಹರಡುತ್ತದೆ. ಆದ್ದರಿಂದ ಬಡಗಿಯಿಂದ ಮೂರು ಇಂಚು ಎತ್ತರದ ಮರದ ಕಟ್ಟು ಮಾಡಿಸಿ, ಮರಿಗಳು ಬೆಳೆಯುವ ಸಂಸಾರ ಕೋಣೆಯ ಮೇಲೆ ಕೂರಿಸಿ, ಅದರೊಳಗೆ ಸೀಸೆ ನಿಲ್ಲಿಸುತ್ತೇನೆ. ಬಾಗಿಲನ್ನು ಪೂರ್ತಿ ತೆರೆದಿಡುತ್ತೇನೆ. ದಿನ ಬಿಟ್ಟು ದಿನ, ಸಂಜೆ ಬಿಸಿಲು ಇಳಿದ ಮೇಲೆ, ಮೂರು ವಾರ. ಗಂಡುಮರಿಯ ಕಣ ಕೂಡ ಒಮ್ಮೆ ತೆರೆದುಕೊಳ್ಳುವಷ್ಟು ಕಾಲ ಆವಿ ಇರಬೇಕು ಎಂಬುದೇ ಈ ಅವಧಿಯ ಲೆಕ್ಕ.

ಶಾಖ ಇದರ ದೊಡ್ಡ ಶತ್ರು. ಹೊರದೇಶಗಳಲ್ಲಿ ಸಿಗುವ ಸಿದ್ಧ ಫಾರ್ಮಿಕ್ ಪಟ್ಟಿಗಳ ಮೇಲೆ ಹಗಲಿನ ಉಷ್ಣತೆ 29.5 ಡಿಗ್ರಿ ದಾಟಬಾರದು ಎಂದು ಮುದ್ರಿಸಿರುತ್ತಾರೆ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಅದು ಕನಸಿನ ಮಾತು. ಆಸಿಡ್ ಒಮ್ಮೆಲೇ ಆವಿಯಾಗಿ ನೊಣಗಳು ಹೊರಗೆ ಗಡ್ಡದಂತೆ ಜೋತುಬೀಳುತ್ತವೆ, ಎಳೆಮರಿಗಳು ಸಾಯುತ್ತವೆ, ರಾಣಿಯೇ ಹೋಗಿಬಿಡಬಹುದು. ಹಾಗಾಗಿ ನನ್ನ ಮುಖ್ಯ ಚಿಕಿತ್ಸೆ ನಡೆಯುವುದು ಮುಂಗಾರು ಹಿಡಿದ ಮೇಲೆ, ಲಾರಿ ಹೊರಡುವ ಮೊದಲು. ಬಿಡದೆ ಸುರಿಯುವ ದಿನಗಳಲ್ಲಿ ತೇವದಿಂದಾಗಿ ಆವಿ ನಿಧಾನವಾಗುತ್ತದೆ, ಸೀಸೆಯಲ್ಲಿ ಅರ್ಧ ಉಳಿದಿರುತ್ತದೆ. ಅಂಥ ದಿನ ಹೊಸದಾಗಿ ತುಂಬುವುದಿಲ್ಲ. ನವೆಂಬರ್‌ನಲ್ಲಿ ಮತ್ತೆ ಅಗತ್ಯ ಬಿದ್ದರೆ, ಬಿಸಿಲು ಕಂಡುಬಂದರೆ, ಆಸಿಡ್ ಬಿಟ್ಟು ಥೈಮಾಲ್ ಕಡೆ ತಿರುಗುತ್ತೇನೆ. ಅದು ಓಮದಲ್ಲಿರುವ ಅದೇ ಘಾಟಿನ ಹರಳು, 40 ಡಿಗ್ರಿವರೆಗೂ ತಾಳುತ್ತದೆ. ಆದರೆ ಮುಚ್ಚಿದ ಕಣದೊಳಗೆ ಹೋಗುವ ಶಕ್ತಿ ಅದಕ್ಕಿಲ್ಲ.

ಫಲ ಸಿಕ್ಕಿತೇ ಎಂದು ಕಣ್ಣಳತೆಯಲ್ಲಿ ಹೇಳುವವರನ್ನು ನಾನು ನಂಬುವುದಿಲ್ಲ. ಎಣಿಸಬೇಕು. ಬಾಯಿಗೆ ಜಾಲರಿ ಬಿಗಿದ ಹಳೆಯ ಹಾರ್ಲಿಕ್ಸ್ ಬಾಟಲಿಗೆ ಮರಿ ಇರುವ ಎರಿಯಿಂದ ಅರ್ಧ ಲೋಟದಷ್ಟು, ಅಂದರೆ ಸುಮಾರು ಮುನ್ನೂರು ನೊಣಗಳನ್ನು ಉದುರಿಸುತ್ತೇವೆ. ಆ ಎರಿಯಲ್ಲಿ ರಾಣಿ ಇಲ್ಲವೆಂದು ಮೊದಲೇ ಖಚಿತ ಮಾಡಿಕೊಂಡಿರುತ್ತೇವೆ. ಎರಡು ಚಮಚ ಸಕ್ಕರೆ ಪುಡಿ ಹಾಕಿ, ಮೆಲ್ಲಗೆ ಹೊರಳಿಸಿ, ಒಂದೆರಡು ನಿಮಿಷ ಬಿಟ್ಟು, ನೀರಿರುವ ಬಿಳಿ ತಟ್ಟೆಯ ಮೇಲೆ ಕೊಡವಿದರೆ ನುಸಿಗಳು ಉದುರುತ್ತವೆ. ಪುಡಿಯನ್ನು ಮನೆಯಲ್ಲೇ ಮಿಕ್ಸಿಯಲ್ಲಿ ಮಾಡಿಕೊಳ್ಳಿ. ಅಂಗಡಿಯ ಐಸಿಂಗ್ ಸಕ್ಕರೆಯಲ್ಲಿ ಮೆಕ್ಕೆಜೋಳದ ಪಿಷ್ಟ ಬೆರೆತಿರುತ್ತದೆ. ಎಣಿಸುವ ಕೆಲಸ ಮಗಳದ್ದು, ಅವಳ ಕಣ್ಣು ನನ್ನದಕ್ಕಿಂತ ಚುರುಕು. ಬಂದ ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ನೂರು ನೊಣಕ್ಕೆ ಎಷ್ಟು ನುಸಿ ಎಂದು ತಿಳಿಯುತ್ತದೆ. ಎರಡು, ಮೂರು ದಾಟಿದರೆ ಚಿಕಿತ್ಸೆಗೆ ಕಾಯಬಾರದು. ಕಳೆದ ಮುಂಗಾರಿನಲ್ಲಿ ನೂರಕ್ಕೆ ಆರು ಇದ್ದ ಪೆಟ್ಟಿಗೆಗಳು ಮೂರು ವಾರದ ನಂತರ ಒಂದಕ್ಕಿಂತ ಕೆಳಗೆ ಇಳಿದಿದ್ದವು. ಸಕ್ಕರೆ ಹತ್ತಿದ ನೊಣಗಳನ್ನು ಪೆಟ್ಟಿಗೆಗೆ ಹಿಂದಿರುಗಿಸಿದರೆ ಉಳಿದವು ಅವನ್ನು ನೆಕ್ಕಿ ಶುಚಿಮಾಡಿಕೊಳ್ಳುತ್ತವೆ.

ಕಾಡಂಚಿನವರಿಗೆ ಇನ್ನೊಂದು ಮಾತು. ಹೆಜ್ಜೇನಿನಿಂದ ಬರುವ ಟ್ರೋಪಿಲೇಲಾಪ್ಸ್ ಎಂಬ ನುಸಿ ವರೋವಾಕ್ಕಿಂತ ಸಣ್ಣದು, ಉದ್ದನೆಯದು, ಎರಿಯ ಮೇಲೆ ಸರಸರನೆ ಓಡುತ್ತದೆ. ಅದು ದೊಡ್ಡ ನೊಣಗಳನ್ನು ಕಚ್ಚಿ ಬದುಕಲಾರದು, ಮರಿಗಳನ್ನೇ ಆಶ್ರಯಿಸುತ್ತದೆ. ಹಾಗಾಗಿ ಸಕ್ಕರೆ ಬಾಟಲಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಮುಚ್ಚಿದ ಕಣಗಳನ್ನು ಚಿಮುಟದಿಂದ ಬಿಡಿಸಿಯೇ ನೋಡಬೇಕು. ಇದಕ್ಕೂ ಫಾರ್ಮಿಕ್ ಆಸಿಡ್ ನಾಟುತ್ತದೆ, ಕಾರಣ ಮೊದಲೇ ಹೇಳಿದ್ದೇ.

ಕುಂದುಗಳು ಇಲ್ಲದಿಲ್ಲ. ಕಬ್ಬಿಣವನ್ನು ಇದು ಬಿಡುವುದಿಲ್ಲ. ಚೌಕಟ್ಟಿನ ಮೊಳೆ, ತಂತಿ, ರಾಣಿ ಜೇನು ಕೋಣೆಗೆ ಹೋಗದಂತೆ ಇಡುವ ತಗಡಿನ ತಡೆ ಎಲ್ಲವೂ ಎರಡೇ ವರ್ಷದಲ್ಲಿ ತುಕ್ಕು ಹಿಡಿದವು. ಈಗ ಸ್ಟೀಲ್ ತಂತಿ, ಪ್ಲಾಸ್ಟಿಕ್ ತಡೆ ಬಳಸುತ್ತೇನೆ. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ದಪ್ಪ ರಬ್ಬರ್ ಕೈಗವಸು, ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ಪಕ್ಕದಲ್ಲಿ ಒಂದು ಬಕೆಟ್ ನೀರು, ಬೆನ್ನ ಹಿಂದಿನಿಂದ ಬೀಸುವ ಗಾಳಿ: ಇಷ್ಟು ಇಲ್ಲದೆ ಕ್ಯಾನಿನ ಮುಚ್ಚಳ ತೆರೆಯಬಾರದು.

ಕೊಳ್ಳುವಾಗ ಎಚ್ಚರ ಬೇಕು. ನಾನು ಹೋಗುವ ಅಂಗಡಿಯವರು ಮೊದಲ ಸಲ, "ರಬ್ಬರ್ ಎಷ್ಟು ಮರ ಇದೆ ಅಕ್ಕಾ?" ಎಂದು ಕೇಳಿದ್ದರು. "ರಬ್ಬರ್ ಇಲ್ಲ ಅಣ್ಣಾ, ಜೇನಿಗೆ" ಎಂದಾಗ ತೆರೆದಿದ್ದ ದೊಡ್ಡ ಕ್ಯಾನನ್ನು ಬದಿಗಿಟ್ಟು ಸೀಲ್ ಇರುವ ಒಂದು ಲೀಟರ್ ತಂದುಕೊಟ್ಟರು. ಆ ವಿವೇಕಕ್ಕೆ ನಾನು ಋಣಿ. ಕೆಲವು ಕಡೆ ಸುರಿದು ಕೊಡುವ ಆಸಿಡ್‌ಗೆ ನೀರು ಬೆರೆತಿರಬಹುದು, ಹಾಲು ಹೆಪ್ಪುಗಟ್ಟಿಸಲೆಂದೇ ಗಂಧಕಾಮ್ಲ ಮಾರುವುದೂ ಉಂಟು. ಗಂಧಕಾಮ್ಲ ಆವಿಯಾಗುವುದಿಲ್ಲ, ಪೆಟ್ಟಿಗೆಯೊಳಗೆ ಅದರಿಂದ ಪ್ರಯೋಜನ ಸೊನ್ನೆ. ಅಳತೆಯ ಗಾಜಿನಲ್ಲಿ 100 ಮಿ.ಲೀ. ತೆಗೆದು ತೂಗಿದಾಗ ಸುಮಾರು 119 ಗ್ರಾಂ ಬಂದರೆ ಅದು 85ರ ಫಾರ್ಮಿಕ್ ಆಸಿಡ್‌ನ ತೂಕ. ಕಡಿಮೆ ಬಂದರೆ ನೀರು, ತುಂಬ ಹೆಚ್ಚು ಬಂದರೆ ಬೇರೇನೋ.

ಖರ್ಚು? ಒಂದು ಲೀಟರ್‌ನಲ್ಲಿ ಇಪ್ಪತ್ತು ಪೆಟ್ಟಿಗೆಗಳ ಪೂರ್ತಿ ಚಿಕಿತ್ಸೆ ಮುಗಿಯುತ್ತದೆ. ಪೆಟ್ಟಿಗೆಯೊಂದಕ್ಕೆ ಹೋಟೆಲಿನ ಒಂದು ಲೋಟ ಚಹಾದಷ್ಟೂ ತಗಲುವುದಿಲ್ಲ. ಆದರೆ ತುಡುವೆ ಸಾಕುವ ನೆರೆಯವರು "ನಮಗೂ ಸ್ವಲ್ಪ ಕೊಡಿ" ಎಂದಾಗ ಕೊಡುವುದಿಲ್ಲ. ವರೋವಾ ಮೂಲತಃ ತುಡುವೆ ಜಾತಿಯ ಜೇನಿನದೇ ನುಸಿ. ತುಡುವೆ ಅದನ್ನು ಮೈಯಿಂದ ಕಿತ್ತು ಹಾಕುವುದನ್ನು, ನುಸಿ ಹತ್ತಿದ ಮರಿಯನ್ನು ಹೊರಗೆಸೆಯುವುದನ್ನು ಯಾವ ಕಾಲದಲ್ಲೋ ಕಲಿತಿದೆ, ಅದಕ್ಕೆ ಈ ಘಾಟು ಬೇಡವೇ ಬೇಡ. ಮೆಲ್ಲಿಫೆರಾ ಇಟ್ಟವರು ಒಂದು ಲೀಟರ್‌ಗಿಂತ ಹೆಚ್ಚು ಕೊಳ್ಳಬೇಡಿ. 35 ಕೆ.ಜಿ. ಕ್ಯಾನ್ ಅಗ್ಗವೆಂದು ನಾಲ್ವರು ಸೇರಿ ತರಿಸಿ, ಕುಡಿಯುವ ನೀರಿನ ಬಾಟಲಿಗಳಲ್ಲಿ ಹಂಚಿಕೊಳ್ಳುವುದನ್ನು ನಮ್ಮ ಕಡೆ ಕಂಡಿದ್ದೇನೆ. ಮಕ್ಕಳಿರುವ ಮನೆಗೆ ಆ ಉಳಿತಾಯ ಬೇಡ.