ಅಪ್ಪನ ತಾಳಮದ್ದಲೆಗೆ ಮೂರು ಪ್ಲೇಯರ್: ಒಂದು ಮಳೆಗಾಲ ಬಳಸಿ ನೋಡಿದ ಮೇಲೆ

ಅಪ್ಪನ ಬಳಿ 120 ಕ್ಯಾಸೆಟ್ ಇವೆ. ಹೆಚ್ಚಿನವು ತಾಳಮದ್ದಲೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ. ಉಳಿದವು ಯಕ್ಷಗಾನದ ಪದ್ಯಗಳು. ಯಕ್ಷಗಾನದ ಹೆಸರಾಂತ ಭಾಗವತ (ಹಾಡುಗಾರ) ಕಾಳಿಂಗ ನಾವಡರ ಸ್ವರ ಇರುವ ನಾಲ್ಕನ್ನು ಮಾತ್ರ ಬೇರೆ ಬಿಸ್ಕತ್ತು ಡಬ್ಬದಲ್ಲಿ ಇಟ್ಟಿದ್ದಾರೆ. ಅದನ್ನು ಮೊಮ್ಮಕ್ಕಳೂ ಮುಟ್ಟುವ ಹಾಗಿಲ್ಲ. ಹೋದ ವರ್ಷ ಟೇಪ್‌ರೆಕಾರ್ಡರಿನ ಬೆಲ್ಟ್ ಹೋಯಿತು. ಹೊಸದು ಹಾಕಿಸಿದರೂ ಸ್ವರ ಎಳೆದ ಹಾಗೆ ಕೇಳುತ್ತಿತ್ತು. ಕೊನೆಗೆ ನಾನೇ ಕೂತು ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿದೆ. 90 ನಿಮಿಷದ ಕ್ಯಾಸೆಟ್ ಇಳಿಸಲು 90 ನಿಮಿಷವೇ ಬೇಕು, ಅವಸರ ಮಾಡಿದರೆ ಆಗುವುದಿಲ್ಲ. ದೀಪಾವಳಿಗೆ ಶುರು ಮಾಡಿದ್ದು ಶಿವರಾತ್ರಿಗೆ ಮುಗಿಯಿತು.

ಇನ್ನು ಅದನ್ನು ಕೇಳಲು ಒಂದು ಪ್ಲೇಯರ್ ಬೇಕಲ್ವಾ? ಅಪ್ಪನಿಗೆ 76 ವರ್ಷ. ಇರುವುದು ಬ್ರಹ್ಮಾವರದ ಹತ್ತಿರದ ಮನೆಯಲ್ಲಿ. ನಾನು ಕೆಲಸಕ್ಕೆ ಮಂಗಳೂರಿನಲ್ಲಿ, ಶನಿವಾರ ಸಂಜೆ ಎಕ್ಸ್‌ಪ್ರೆಸ್ ಬಸ್ ಹಿಡಿದು ಊರಿಗೆ. ಹಾಗಾಗಿ ಸೋಮವಾರ ಏನಾದರೂ ಕೈಕೊಟ್ಟರೆ ಶನಿವಾರದವರೆಗೆ ನೋಡುವವರಿಲ್ಲ. ಪ್ಲೇಯರ್ ಆರಿಸುವಾಗ ನನ್ನ ತಲೆಯಲ್ಲಿದ್ದ ದೊಡ್ಡ ಪ್ರಶ್ನೆ ಇದೇ: ಹಾಳಾದರೆ ಯಾರನ್ನು ಕೇಳುವುದು?

ಮೊಬೈಲಲ್ಲೇ ಕೇಳಬಹುದಲ್ಲ ಎಂದು ಎಲ್ಲರೂ ಹೇಳಿದರು. ಒಂದು ವಾರ ನೋಡಿದೆವು. ಅರ್ಥಗಾರಿಕೆ, ಅಂದರೆ ಪಾತ್ರಗಳ ಮಾತು, ರಂಗೇರುವ ಹೊತ್ತಿಗೆ ಸಾಲ ಬೇಕಾ ಎಂದು ಯಾರದೋ ಕರೆ ಬರುತ್ತದೆ. ಅಪ್ಪನ ಒರಟು ಬೆರಳಿಗೆ ಟಚ್ ಸ್ಕ್ರೀನ್ ಸರಿಯಾಗಿ ಸಿಗುವುದಿಲ್ಲ. ಅದನ್ನು ಅಲ್ಲಿಗೆ ಬಿಟ್ಟೆ. ಹಳೆಯ ಸಿನಿಮಾ ಹಾಡು ತುಂಬಿಕೊಂಡೇ ಬರುವ ಕಾರವಾನ್ ಪ್ಲೇಯರ್ ತೆಗೆದುಕೊಳ್ಳಿ ಎಂದು ಅಕ್ಕ ಹೇಳಿದಳು. ಸಿನಿಮಾ ಹಾಡು ಕೇಳುವವರಿಗೆ ಅದು ಒಳ್ಳೆಯದೇ. ಅಪ್ಪ ಸಿನಿಮಾ ಹಾಡು ಕೇಳುವವರಲ್ಲ.

ಉಳಿದದ್ದು ಮೂರು. ಒಂದು, ಹೆಸರಾದ ಕಂಪನಿಯ 9,500 ರೂಪಾಯಿಯ ಪ್ಲೇಯರ್, ನಾನು ನನಗೆಂದು ಕೊಂಡದ್ದು. ಎರಡು, ಆನ್‌ಲೈನಿನಲ್ಲಿ ತರಿಸಿದ 2,400 ರೂಪಾಯಿಯ ಬೆಂಕಿಪೊಟ್ಟಣದ ಗಾತ್ರದ್ದು. ಮೂರು, ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರದ ಸಣ್ಣ ಅಂಗಡಿಯಲ್ಲಿ 1,150ಕ್ಕೆ ಸಿಕ್ಕಿದ, ಸ್ಪೀಕರ್ ಇರುವ ರೇಡಿಯೋ. ಅದಕ್ಕೆ ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಎರಡೂ ಹಾಕಬಹುದು. ಮಾಡೆಲ್ ಹೆಸರು ಬರೆಯುವುದಿಲ್ಲ. ಈ ಸಾಮಾನುಗಳ ಮಾಡೆಲ್ ಬೇಗ ಬೇಗ ಬದಲಾಗುತ್ತದೆ, ಹೆಸರು ಹಿಡಿದು ಹುಡುಕಿದರೆ ಸಿಗುವುದೂ ಇಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೂರನ್ನೂ ಬಳಸಿದೆವು, ವಾರಕ್ಕೊಂದರಂತೆ ಅಪ್ಪನ ಮಂಚದ ಪಕ್ಕ ಇಟ್ಟು.

ಮೊದಲು ಸ್ವರದ ವಿಷಯ. ಇದರಲ್ಲಿ ದೊಡ್ಡ ಕಂಪನಿಯದರ ಹತ್ತಿರ ಉಳಿದವು ಬರುವುದೇ ಇಲ್ಲ. ಇಯರ್‌ಫೋನ್ ಹಾಕಿ ಕೇಳಿದರೆ ಚೆಂಡೆಯ ಪೆಟ್ಟು ಬೇರೆ, ಮದ್ದಲೆಯ ಗುಂಕಾರ ಬೇರೆ, ಭಾಗವತರು ಪದ್ಯ ಎತ್ತುವ ಮೊದಲು ಎಳೆಯುವ ಉಸಿರು ಕೂಡ ಬೇರೆಯಾಗಿ ಕೇಳುತ್ತದೆ. ಅಷ್ಟು ವರ್ಷ ಟೇಪಿನ ಸರಸರ ಸದ್ದಿನೊಳಗೆ ಮುಚ್ಚಿಹೋಗಿದ್ದ ಶ್ರುತಿ ಪೆಟ್ಟಿಗೆಯನ್ನು ನಾನು ಮೊದಲ ಸಲ ಕೇಳಿದ್ದು ಅದರಲ್ಲೇ. ಆನ್‌ಲೈನಿನದೂ ಪರವಾಗಿಲ್ಲ. ಉಡುಪಿಯದರ ಸ್ಪೀಕರ್ ಅಂಗೈಯಷ್ಟು. ಮದ್ದಲೆ ಅರ್ಧ ಕಾಣೆ, ಚೆಂಡೆ ಜೋರಾದರೆ ಸ್ವರ ಒಡೆಯುತ್ತದೆ. ಆದರೆ ಮಾತು ಸ್ಪಷ್ಟ. ತಾಳಮದ್ದಲೆಗೆ ಮಾತೇ ಮುಖ್ಯ, ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಕೇಳುತ್ತದೆ. ಇಯರ್‌ಫೋನ್ ಹಾಕಿದರೆ ಅಪ್ಪ ಒಬ್ಬರೇ ಕೇಳಬೇಕು. ಅವರು ಒಬ್ಬರೇ ಕೇಳಿ ಅಭ್ಯಾಸವಿಲ್ಲ. ಒಂದು ಒಳ್ಳೆಯ ಮಾತು ಬಂದರೆ "ಕೇಳಿದ್ಯಾ?" ಎಂದು ಯಾರನ್ನಾದರೂ ಕೇಳಲೇಬೇಕು.

ಇನ್ನೊಂದು, ನಾನು ಯೋಚನೆಯನ್ನೇ ಮಾಡದಿದ್ದ ವಿಷಯ. ಎರಡನೇ ದಿನ ಅಪ್ಪ ಫೋನ್ ಮಾಡಿದರು. "ಕ್ಯಾಸೆಟ್ ಆದ್ರೆ ನಿಲ್ಸಿದಲ್ಲೇ ನಿಂತಿರ್ತಿತ್ತು ಮಗಾ. ಇದು ಪ್ರತಿ ಸಲ ಗಣಪತಿ ಸ್ತುತಿಯಿಂದಲೇ ಶುರು ಮಾಡ್ತದಲ್ಲ?" ಹೌದು. ಮೂರು ಗಂಟೆಯ ಕೂಟವನ್ನು ನಾನು ಒಂದೇ ಫೈಲ್ ಮಾಡಿದ್ದೆ. ಅಪ್ಪ ಊಟಕ್ಕೆ ಎದ್ದು ಬಂದು ಮತ್ತೆ ಹಾಕಿದರೆ ಮೊದಲಿಂದ. ದೊಡ್ಡ ಕಂಪನಿಯದು ನಿಲ್ಲಿಸಿದ ಜಾಗ ನೆನಪಿಡುತ್ತದೆ, ಆದರೆ ನಡುವೆ ಬೇರೆ ಫೈಲ್ ಹಾಕಿದರೆ ಮರೆಯುತ್ತದೆ. ಉಡುಪಿಯದಕ್ಕೆ ಎಷ್ಟನೇ ಫೈಲ್ ಎಂಬುದಷ್ಟೇ ನೆನಪು, ಎಷ್ಟನೇ ನಿಮಿಷ ಎಂಬುದು ಇಲ್ಲ. ಉದ್ದದ ಧ್ವನಿಮುದ್ರಣ ಕೇಳುವವರು ಕೊಳ್ಳುವ ಮೊದಲು ಅಂಗಡಿಯಲ್ಲೇ ಇದನ್ನು ಪರೀಕ್ಷೆ ಮಾಡಿ. ಒಂದು ಉದ್ದ ಫೈಲ್ ಹಾಕಿ, ಅರ್ಧದಲ್ಲಿ ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡಿ. ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುವುದಿಲ್ಲ.

ರೇಡಿಯೋ ಬಗ್ಗೆ ಎರಡೇ ಮಾತು. ಕಿಸೆಯಲ್ಲಿಡುವ ಪ್ಲೇಯರುಗಳಿಗೆ ಇಯರ್‌ಫೋನ್ ವಯರೇ ಏರಿಯಲ್. ಅದನ್ನು ಕಿತ್ತರೆ ಎಫ್‌ಎಂ ಇಲ್ಲ. ಉಡುಪಿಯದಕ್ಕೆ ಎಳೆದು ಉದ್ದ ಮಾಡುವ ಏರಿಯಲ್ ಉಂಟು, ಮಂಗಳೂರು ಆಕಾಶವಾಣಿ 100.3 ನಮ್ಮ ಜಗಲಿಯಲ್ಲಿ ಚೆನ್ನಾಗಿ ಸಿಗುತ್ತದೆ.

ಜುಲೈ ಬಂತು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಗೋಡೆ ಬೆವರುತ್ತದೆ, ಬಾಗಿಲು ಉಬ್ಬುತ್ತದೆ, ಹಪ್ಪಳ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತದೆ. ದೊಡ್ಡ ಕಂಪನಿಯ ಪ್ಲೇಯರಿನಲ್ಲಿ ಎಡಕಿವಿಯ ಸ್ವರ ಹೋಯಿತು. ಪಿನ್ ತಿರುಗಿಸಿದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಕೊಂಡು ಏಳೇ ತಿಂಗಳು, ವಾರಂಟಿ ಒಂದು ವರ್ಷ. ಧೈರ್ಯದಿಂದ ಮಂಗಳೂರಿನ ಸರ್ವಿಸ್ ಸೆಂಟರಿಗೆ ಕೊಟ್ಟೆ.

ಹನ್ನೊಂದನೇ ದಿನ ಮೆಸೇಜ್ ಬಂತು: ದುರಸ್ತಿಗೆ 3,200 ರೂಪಾಯಿ. ಹೋಗಿ ಕೇಳಿದರೆ ಕೌಂಟರಿನ ಹುಡುಗಿ ಫೋಟೋ ತೋರಿಸಿದಳು. ಇಂಥ ಸಾಮಾನುಗಳ ಒಳಗೆ ಒಂದು ಸಣ್ಣ ಬಿಳಿ ಸ್ಟಿಕ್ಕರ್ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ನನ್ನದರಲ್ಲಿ ಅದರ ಒಂದು ಮೂಲೆ ತುಸು ಕೆಂಪಾಗಿತ್ತು. "ಸರ್, ಲಿಕ್ವಿಡ್ ಡ್ಯಾಮೇಜ್ ಅಂತ ಬಂದಿದೆ. ವಾರಂಟಿ ಬರೋದಿಲ್ಲ." ನೀರಿಗೆ ಬಿದ್ದೇ ಇಲ್ಲ ಎಂದೆ. ಅವಳಿಗೂ ಅದು ಅರ್ಥವಾಯಿತು. ಅವಳದ್ದೇನೂ ತಪ್ಪಿಲ್ಲ. ಪ್ಲೇಯರ್ ಬೆಂಗಳೂರಿಗೆ ಹೋಗಿ ಬಂದಿದೆ, ಅಲ್ಲಿ ಯಾರು ಬಿಚ್ಚಿ ನೋಡಿದರು ಎಂದು ಅವಳಿಗೂ ಗೊತ್ತಿಲ್ಲ, ಅವರೊಡನೆ ಮಾತಾಡಲು ಅವಳ ಬಳಿ ನಂಬರೂ ಇಲ್ಲ.

ಆಮೇಲೆ ಗ್ರಾಹಕ ಸೇವೆಯ ನಂಬರ್. ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು. ಕನ್ನಡ ಇಲ್ಲ. ಆರು ಸಲ ಕರೆ ಮಾಡಿದೆ, ಆರು ಸಲವೂ ಬೇರೆ ಬೇರೆ ಜನ, ಆರು ಸಲವೂ ಮೊದಲಿಂದ ಕಥೆ ಹೇಳಬೇಕು. ಎರಡು ಸಲ "ನಿಮ್ಮ ದೂರು ಪರಿಹಾರವಾಗಿದೆ" ಎಂದು ಮೆಸೇಜ್ ಬಂತು, ಪ್ಲೇಯರ್ ಮಾತ್ರ ಹಾಗೇ ಇತ್ತು. ನನಗೆ ಬೇಸರವಾದದ್ದು 3,200 ರೂಪಾಯಿಗಲ್ಲ. ಕರಾವಳಿಯಲ್ಲಿ ಮಾರುವ ಸಾಮಾನು ಕರಾವಳಿಯ ಗಾಳಿಗೆ ತಡೆಯುವುದಿಲ್ಲ ಎಂದಾದರೆ ಅದನ್ನು ಮಾರುವಾಗ ಹೇಳಬೇಕಿತ್ತು.

ಕೊನೆಗೆ 1915ಕ್ಕೆ ಕರೆ ಮಾಡಿದೆ. ಇದು ಸರಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬಿಲ್ಲಿನ ತಾರೀಕು, ಸರ್ವಿಸ್ ಸೆಂಟರಿನ ಚೀಟಿ ನಂಬರ್, ಸ್ಟಿಕ್ಕರಿನ ಫೋಟೋ ತಯಾರಿಟ್ಟುಕೊಂಡಿದ್ದೆ. ಅವರು ದೂರು ಬರೆದುಕೊಂಡು ಕಂಪನಿಗೆ ಕಳಿಸುತ್ತಾರೆ. ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಉಂಟು. 2019ರ ಕಾಯ್ದೆಯ ಪ್ರಕಾರ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದೊಳಗಿನ ಸಾಮಾನಿಗೆ ಶುಲ್ಕವೂ ಇಲ್ಲ. ನನಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಒಂಬತ್ತನೇ ದಿನ ಕಂಪನಿಯಿಂದ ಕರೆ ಬಂತು, ದುಡ್ಡಿಲ್ಲದೆ ಸರಿಮಾಡಿ ಕೊಟ್ಟರು. ಎಲ್ಲ ಸೇರಿ 41 ದಿನ.

ಆನ್‌ಲೈನಿನದರ ಕಥೆ ಬೇರೆ. ಅವರಿಗೆ ಫೋನ್ ನಂಬರೇ ಇಲ್ಲ, ಇಮೇಲ್ ಮಾತ್ರ. ನಾನು ಸುಮ್ನೆ ಒಂದು ಪತ್ರ ಹಾಕಿದೆ: ಫೈಲಿನ ಹೆಸರು ಕನ್ನಡದಲ್ಲಿ ಇಟ್ಟರೆ ಬರೀ ಚೌಕಗಳು ಕಾಣುತ್ತವೆ, ನಿಲ್ಲಿಸಿದ ಜಾಗ ನೆನಪಿರುವುದಿಲ್ಲ, ಬ್ಯಾಟರಿ ಬದಲಿಸಬಹುದಾ? ಎರಡೇ ದಿನದಲ್ಲಿ ಉತ್ತರ. ಕನ್ನಡ ಅಕ್ಷರ ಇದರಲ್ಲಿ ಇಲ್ಲ, ಮುಂದೆಯೂ ಬರಲಿಕ್ಕಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡಿ. ನಿಲ್ಲಿಸಿದ ಜಾಗಕ್ಕೆ ಗುರುತು ಹಾಕುವ ಸೌಲಭ್ಯ ಮೆನುವಿನ ಇಂಥ ಕಡೆ ಇದೆ, ಹೀಗೆ ಮಾಡಿ. ಬ್ಯಾಟರಿ ಬೆಸುಗೆ ಹಾಕಿದ್ದು, ನೀವಾಗಿ ತೆಗೆಯಬೇಡಿ. ಮೂರು ಪ್ರಶ್ನೆಗೆ ಮೂರು ನೇರ ಉತ್ತರ. ಇಲ್ಲದ್ದನ್ನು ಇಲ್ಲ ಎಂದು ಹೇಳಿದ್ದು ನನಗೆ ತುಂಬ ಇಷ್ಟವಾಯಿತು. ಅವರು ಹೇಳಿದ ಹಾಗೆ ಮಾಡಿದೆ, ಗುರುತು ಬಿತ್ತು.

ಆದರೆ ವಾರಂಟಿಯ ಚೀಟಿ ಓದಿದರೆ, ಹಾಳಾದ ಪ್ಲೇಯರನ್ನು ನಮ್ಮ ಖರ್ಚಿನಲ್ಲಿ ವಿದೇಶಕ್ಕೆ ಕಳಿಸಬೇಕು. ಕೊರಿಯರಿನ ದುಡ್ಡಿಗೆ ಹೊಸ ಪ್ಲೇಯರೇ ಬರುತ್ತದೆ. ಮಾತಿನಲ್ಲಿ ಬಗೆಹರಿಯುವ ತೊಂದರೆಗೆ ಇವರಷ್ಟು ಒಳ್ಳೆಯವರು ನನಗೆ ಸಿಕ್ಕಿಲ್ಲ. ಸ್ಕ್ರೂ ಬಿಚ್ಚಿ ನೋಡಬೇಕಾದ ತೊಂದರೆ ಬಂದರೆ ಅವರೂ ಇಲ್ಲ, ನಾವೂ ಇಲ್ಲ. ನನಗೆ ಇದು ಸಾಕು. ಅಪ್ಪನಿಗೆ ಸಾಲದು.

ಹಾಗೆ ನೋಡಿದರೆ ಈ ಸಾಮಾನು ಬಲ್ಲ ಕೈಗಳೇ ಕಡಿಮೆಯಾಗುತ್ತಿವೆ. 2001ರಲ್ಲಿ ಶುರುವಾದ ಐಪಾಡನ್ನೇ ಆಪಲ್ 2022ರ ಮೇ ತಿಂಗಳಲ್ಲಿ ನಿಲ್ಲಿಸಿತು. ಎಲ್ಲವೂ ಫೋನಿನೊಳಗೆ ಹೋದ ಮೇಲೆ ಸರ್ವಿಸ್ ಸೆಂಟರಿನಲ್ಲಿ ದಿನಕ್ಕೆ ನೂರು ಫೋನ್ ನೋಡುವವರಿಗೆ ಪ್ಲೇಯರ್ ಅಪರೂಪದ ವಸ್ತು.

ಉಡುಪಿಯ ಅಂಗಡಿಯಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೊಳ್ಳಲು ಹೋದ ದಿನ ಅಂಗಡಿಯವರು ಮೂರು ರೇಡಿಯೋ ತೆಗೆದು ಮೇಜಿನ ಮೇಲಿಟ್ಟರು. ಯಾರಿಗೆ, ಏನು ಕೇಳಲು ಎಂದು ಮೊದಲು ವಿಚಾರಿಸಿದರು. ಅಪ್ಪನಿಗೆ ಎಂದ ಕೂಡಲೇ ಬಟನ್ ಇರುವ ಎರಡನ್ನು ಒಳಗಿಟ್ಟು, ತಿರುಗಿಸುವ ವಾಲ್ಯೂಮ್ ಇರುವುದನ್ನು ಮುಂದೆ ತಳ್ಳಿದರು. "ಪ್ರಾಯ ಆದವರಿಗೆ ಇದು ಸುಲಭ ಮಾರಾಯ್ರೆ, ಕತ್ತಲೆಯಲ್ಲೂ ಕೈಗೆ ಸಿಗ್ತದೆ." ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ತೋರಿಸಿದರು. ಬಿಎಲ್-5ಸಿ, ಹಳೆಯ ನೋಕಿಯಾ ಫೋನುಗಳಲ್ಲಿ ಇರುತ್ತಿದ್ದದ್ದು. ಈಗಲೂ ಮೊಬೈಲ್ ಅಂಗಡಿಗಳಲ್ಲಿ ಸಿಗುತ್ತದೆ, ಹಾಕಲು ಉಗುರು ಸಾಕು. ವಾರಂಟಿ ಕಾರ್ಡ್ ಇಲ್ಲ. ಮಾರ್ಕರ್ ಪೆನ್ನಿನಲ್ಲಿ ಮುಚ್ಚಳದ ಒಳಗೆ ತಾರೀಕು ಬರೆದು, ಪಕ್ಕದಲ್ಲಿ ಸಹಿ ಹಾಕಿದರು. "ಆರು ತಿಂಗಳು ನಂದು" ಎಂದರು.

ಆಗಸ್ಟಿನಲ್ಲಿ ವಾಲ್ಯೂಮ್ ತಿರುಗಿಸುವಾಗ ಕರಕರ ಸದ್ದು ಬರಲು ಶುರು. ಅದೇ ತೇವ, ಅದೇ ಉಪ್ಪು ಗಾಳಿ. ಅಪ್ಪ ಬಸ್ಸು ಹತ್ತಿ ತಾವೇ ಉಡುಪಿಗೆ ಹೋದರು. ಅಂಗಡಿಯವರು ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ಒಳಗೆ ಸ್ಪ್ರೇ ಹೊಡೆದು, ತಿರುಪನ್ನು ಇಪ್ಪತ್ತು ಸಲ ಆಚೆ ಈಚೆ ತಿರುಗಿಸಿದರು. ಸದ್ದು ಹೋಯಿತು. ದುಡ್ಡು ತೆಗೆದುಕೊಳ್ಳಲಿಲ್ಲ. ಮಳೆಗಾಲದಲ್ಲಿ ರಾತ್ರಿ ಸ್ಟೀಲ್ ಡಬ್ಬದಲ್ಲಿ ಮುಚ್ಚಿಡಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಜೊತೆಗಿಡಿ ಎಂದು ಹೇಳಿ ಕಳಿಸಿದರು.

ಗಣಪತಿ ಸ್ತುತಿಯ ತೊಂದರೆಗೂ ಅಲ್ಲೇ ಪರಿಹಾರ ಸಿಕ್ಕಿತು. ಅಂಗಡಿಯವರ ಅಕ್ಕನ ಮಗ, ಕಾಲೇಜು ಹುಡುಗ, ಸಂಜೆ ಅಲ್ಲಿರುತ್ತಾನೆ. "ಉದ್ದ ಫೈಲನ್ನು ಹತ್ತತ್ತು ನಿಮಿಷದ ತುಂಡು ಮಾಡಿ ಅಣ್ಣ. ಆಗ ನಿಲ್ಲಿಸಿದ ತುಂಡಿನಿಂದಲೇ ಶುರು ಆಗ್ತದೆ." ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಇಷ್ಟಿಷ್ಟು ನಿಮಿಷಕ್ಕೆ ಗುರುತು ಹಾಕಿ ಎಲ್ಲ ತುಂಡುಗಳನ್ನೂ ಒಟ್ಟಿಗೆ ಉಳಿಸಬಹುದು. ಇನ್ನೊಂದು ಗುಟ್ಟನ್ನೂ ಅವನೇ ಹೇಳಿದ. ಇಂಥ ಎಷ್ಟೋ ಪ್ಲೇಯರುಗಳು ಫೈಲುಗಳನ್ನು ಹೆಸರಿನ ಕ್ರಮದಲ್ಲಿ ನುಡಿಸುವುದಿಲ್ಲ, ಕಾರ್ಡಿಗೆ ಕಾಪಿ ಆದ ಕ್ರಮದಲ್ಲಿ ನುಡಿಸುತ್ತವೆ. ಮುಂದೆ ನಂಬರ್ ಹಾಕಿದರೆ ಮಾತ್ರ ಸಾಲದು, ಸಾಲಾಗಿ ಕಾಪಿ ಮಾಡಬೇಕು. ಇದು ಗೊತ್ತಿಲ್ಲದೆ ಮೊದಲು ನನ್ನ ಕಾರ್ಡಿನಲ್ಲಿ ಮಂಗಳ ಹಾಡಿದ ಮೇಲೆ ಪೀಠಿಕೆ ಬರುತ್ತಿತ್ತು.

ಕಾರ್ಡಿನ ಲೆಕ್ಕವೂ ಬೇಕಾದೀತು. 128 ಕೆಬಿಪಿಎಸ್ ಎಂಪಿ3 ಗಂಟೆಗೆ ಸುಮಾರು 58 ಎಂಬಿ. ನಮ್ಮ 180 ಗಂಟೆಗೆ 10 ಜಿಬಿ ಚಿಲ್ಲರೆ. 16 ಜಿಬಿ ಕಾರ್ಡ್ ಸಾಕಾಯಿತು. 32 ಜಿಬಿಗಿಂತ ದೊಡ್ಡ ಕಾರ್ಡ್ ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿ ಬರುತ್ತದೆ, ಕಡಿಮೆ ಬೆಲೆಯ ಎಷ್ಟೋ ಪ್ಲೇಯರುಗಳು ಅದನ್ನು ಓದುವುದಿಲ್ಲ.

ಈಗ ಮೂರೂ ಬಳಕೆಯಲ್ಲಿವೆ. ಸ್ವರಕ್ಕಾಗಿಯೇ ಕೇಳಬೇಕು ಅನಿಸಿದ ರಾತ್ರಿ ದೊಡ್ಡ ಕಂಪನಿಯದು. ಬಸ್ಸಿಗೆ ಆನ್‌ಲೈನಿನದು. ಆದರೆ ಇನ್ನೊಮ್ಮೆ ದುಡ್ಡು ಕೊಟ್ಟು ಕೊಳ್ಳುವುದಾದರೆ, ವಯಸ್ಸಾದವರಿಗೆ ಕೊಡುವುದಾದರೆ, ನನ್ನ ಆಯ್ಕೆ ಉಡುಪಿಯದೇ. ಮದ್ದಲೆ ಅರ್ಧ ಕಾಣೆಯಾದರೂ.

ಅದರ ಮುಖದಲ್ಲಿ ಕೆಂಪು ಅಂಕಿ ಹೊಳೆಯುವ ಸಣ್ಣ ಪಟ್ಟಿ ಉಂಟು, ಎಷ್ಟನೇ ತುಂಡು ನಡೆಯುತ್ತಿದೆ ಎಂದು ತೋರಿಸುತ್ತದೆ. ಅಪ್ಪ ರಾತ್ರಿ ಆಫ್ ಮಾಡುವ ಮೊದಲು ಆ ಅಂಕಿ ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಲ್ಲಿ ಬರೆದಿಡುತ್ತಾರೆ. ಹಾಲಿನ ಲೆಕ್ಕ ಮೇಲೆ, ತಾಳಮದ್ದಲೆಯ ಲೆಕ್ಕ ಕೆಳಗೆ. ಹೋದ ಶನಿವಾರ ನಾನು ಮನೆಗೆ ಹೋದಾಗ 143ರಲ್ಲಿ ಇದ್ದರು.