ಎರಡೂ ಕ್ಲೋರಿನ್ನೇ ಎಂದು ಒಂದೇ ಮಗ್ಗು ಬಳಸಬೇಡಿ: ಬೇಸಿಗೆಯಲ್ಲಿ ಈಜುಕೊಳ ನಡೆಸುವವರಿಗೆ ಎಚ್ಚರಿಕೆ

ಕಳೆದ ಬೇಸಿಗೆಯಲ್ಲಿ ಕಲಬುರಗಿ ಜಿಲ್ಲೆಯ ಒಂದು ಪಟ್ಟಣದ ಸಾರ್ವಜನಿಕ ಈಜುಕೊಳದ ಮೇಲ್ವಿಚಾರಣೆ ನನ್ನದಾಗಿತ್ತು. ಮೇ ತಿಂಗಳ ಒಂದು ಮಧ್ಯಾಹ್ನ ಅಲ್ಲಿನ ಪಂಪ್ ಕೋಣೆಯಲ್ಲಿ ಎರಡು ಬಗೆಯ ಕ್ಲೋರಿನ್ ಔಷಧ ಒಂದೇ ಬಕೆಟಿನಲ್ಲಿ ಬೆರೆತು ಕ್ಲೋರಿನ್ ಅನಿಲ ಎದ್ದು, ನಾವೆಲ್ಲ ಕಾಕಾ ಎಂದು ಕರೆಯುವ ಹಿರಿಯ ಕೆಲಸಗಾರರು ಎರಡು ದಿನ ಆಸ್ಪತ್ರೆಯಲ್ಲಿ ಆಮ್ಲಜನಕದ ನಳಿಕೆ ಹಾಕಿಕೊಂಡು ಮಲಗಬೇಕಾಯಿತು. ಅದು ಅವರ ಕೈತಪ್ಪು ಎಂದು ಊರಲ್ಲಿ ಮಾತಾಯಿತು. ಆದರೆ ಆ ತಪ್ಪಿಗೆ ಮಾರ್ಚ್‌ನಿಂದಲೇ ದಾರಿ ಮಾಡಿಟ್ಟವನು ನಾನು. ಈ ಬೇಸಿಗೆಗೆ ಕೊಳದ ಹೊಣೆ ಹೊರುವವರಿಗೆ ತಿಳಿದಿರಲಿ ಎಂದು ನಡೆದುದನ್ನು ನಡೆದಂತೆ ಬರೆಯುತ್ತಿದ್ದೇನೆ.

ನಮ್ಮ ಕೊಳದ ಉದ್ದ 25 ಮೀಟರ್, ಅಗಲ 12.5 ಮೀಟರ್, ಸರಾಸರಿ ಆಳ ಒಂದೂವರೆ ಮೀಟರ್; ಅಂದರೆ ಸುಮಾರು 4.7 ಲಕ್ಷ ಲೀಟರ್ ನೀರು. ಮೇಲೆ ನೆರಳಿಲ್ಲ. ನಮ್ಮ ಕಡೆಯ ಬಿಸಿಲು ಎಂಥದೆಂದು ಬೇರೆ ಹೇಳಬೇಕಾಗಿಲ್ಲ. ತೆರೆದ ಕೊಳಕ್ಕೆ ಬರಿಯ ಬ್ಲೀಚಿಂಗ್ ಪೌಡರ್ ಹಾಕಿದರೆ ಬಿಸಿಲಿನ ನೇರಳಾತೀತ ಕಿರಣಗಳು ಅದರ ಕ್ಲೋರಿನ್ನಿನ ಬಹುಪಾಲನ್ನು ಒಂದೆರಡು ಗಂಟೆಯಲ್ಲೇ ಕೆಡಿಸಿಬಿಡುತ್ತವೆ. ಬೆಳಿಗ್ಗೆ ಏಳಕ್ಕೆ ಹಾಕಿದ್ದು ಹನ್ನೊಂದಕ್ಕೆ ಪರೀಕ್ಷಿಸಿದರೆ ಇರುತ್ತಿರಲಿಲ್ಲ. ಆಗ ಪೂರೈಕೆದಾರರೊಬ್ಬರು ಟಿ.ಸಿ.ಸಿ.ಎ. ಮಾತ್ರೆಗಳನ್ನು ತಂದುಕೊಟ್ಟರು. ಟ್ರೈಕ್ಲೋರೋ ಐಸೋಸಯನ್ಯೂರಿಕ್ ಆಮ್ಲ ಎಂಬುದು ಅದರ ಪೂರ್ಣ ಹೆಸರು. ಅದರಲ್ಲಿ ಕ್ಲೋರಿನ್ನಿನ ಜೊತೆಗೆ ಅದನ್ನು ಬಿಸಿಲಿನಿಂದ ಕಾಯುವ ಸಯನ್ಯೂರಿಕ್ ಆಮ್ಲವೂ ಇರುತ್ತದೆ. ಮಾತ್ರೆ ನಿಧಾನವಾಗಿ ಕರಗುತ್ತದೆ, ಕ್ಲೋರಿನ್ ಸಂಜೆಯವರೆಗೂ ಉಳಿಯುತ್ತದೆ. ಕೆಲಸ ಹಗುರವಾಯಿತೆಂದು ನಾನು ನಿಶ್ಚಿಂತನಾದೆ.

ಆ ಕಾಯುವ ಆಮ್ಲ ಕ್ಲೋರಿನ್ನಿನ ಹಾಗೆ ಖರ್ಚಾಗುವುದಿಲ್ಲ, ಆವಿಯಾಗಿಯೂ ಹೋಗುವುದಿಲ್ಲ ಎಂಬುದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ದಿನಕ್ಕೆ ಎರಡು ಕಿಲೋ ಲೆಕ್ಕದಲ್ಲಿ ಅರವತ್ತು ದಿನ ಹಾಕಿದ ಮಾತ್ರೆ 120 ಕಿಲೋ. ಅದರ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ಸುಮಾರು 66 ಕಿಲೋ, ಸಯನ್ಯೂರಿಕ್ ಆಮ್ಲವಾಗಿ ನೀರಿನಲ್ಲಿ ಉಳಿಯಿತು. ಲೀಟರಿಗೆ 30ರಿಂದ 50 ಮಿಲಿಗ್ರಾಂ ಇದ್ದರೆ ಸಾಕಾದುದು ನಮ್ಮಲ್ಲಿ 140ರ ಹತ್ತಿರ ಬಂದಿತ್ತು. ಅಷ್ಟಾದಾಗ ಅದು ಕ್ಲೋರಿನ್ನನ್ನು ಕಾಯುವುದರ ಬದಲು ಕಟ್ಟಿಹಾಕುತ್ತದೆ: ನೀರಿನಲ್ಲಿ ಕ್ಲೋರಿನ್ ಇದ್ದರೂ ಪಾಚಿಯನ್ನೂ ರೋಗಾಣುಗಳನ್ನೂ ಬೇಗ ಕೊಲ್ಲುವ ಕಸುವು ಅದಕ್ಕಿರುವುದಿಲ್ಲ. ಹಳೆಯ ನೀರನ್ನು ಹೊರಬಿಟ್ಟು ಹೊಸ ನೀರು ತುಂಬಿಸುವುದೇ ಇದಕ್ಕಿರುವ ದಾರಿ. ಕುಡಿಯುವ ನೀರಿಗೇ ಕೊಡ ಸಾಲಿಡುವ ಊರಿನಲ್ಲಿ ಕೊಳದ ನೀರು ಹೊರಬಿಡುವ ಮಾತನ್ನು ಯಾರ ಮುಂದೆ ಎತ್ತುವುದು? ಬತ್ತಿದಷ್ಟನ್ನು ಬೋರ್‌ವೆಲ್ ನೀರಿನಿಂದ ತುಂಬುತ್ತ ಬಂದೆವು. ಬತ್ತುವುದು ನೀರು ಮಾತ್ರ, ಅದರೊಳಗಿನ ಲವಣವಲ್ಲ. ಹೀಗಾಗಿ ನೀರಿನ ಗಡಸುತನವೂ ಏರಿ, ಟೈಲ್ಸಿನ ಮೇಲೆ ನೀರಿನ ಮಟ್ಟದುದ್ದಕ್ಕೂ ಬೆರಳಿನಿಂದ ಕೆರೆದರೂ ಏಳದ ಬಿಳಿ ಪಟ್ಟಿ ಕಟ್ಟಿತು.

ಮೇ ಎರಡನೆಯ ವಾರದಲ್ಲಿ ಮಕ್ಕಳ ಕಣ್ಣು ಕೆಂಪಾಗತೊಡಗಿದವು, ಮೂರ್ನಾಲ್ಕು ಮಂದಿ ಪಾಲಕರು ಕಿವಿನೋವಿನ ದೂರು ತಂದರು. ಕೊಳದ ಹತ್ತಿರ ಹೋದರೆ ಗಾಟು ವಾಸನೆ. ಕ್ಲೋರಿನ್ ಹೆಚ್ಚಾಗಿದೆ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ನಿಜದಲ್ಲಿ ಆ ವಾಸನೆ ಬೆವರು, ಮೂತ್ರಗಳೊಂದಿಗೆ ಸೇರಿ ಕ್ಲೋರಮೀನ್ ಆದ ಕ್ಲೋರಿನ್ನಿನದು. ಚೆನ್ನಾಗಿ ನೋಡಿಕೊಂಡ ಕೊಳಕ್ಕೆ ಅಷ್ಟು ವಾಸನೆ ಇರುವುದಿಲ್ಲ. ಒಂದು ಬೆಳಿಗ್ಗೆ ಕಾಕಾ ಪರೀಕ್ಷೆಯ ಕೊಳವೆ ಹಿಡಿದು ಬಂದರು. “ಸರ್ರ, ಇದರಾಗ ಹಳದಿ ಛಂದ ಬಂದದ, ಆದ್ರ ನೀರು ಯಾಕೋ ಹಸರಾಗ್ಲಾಕತ್ಯಾವ ನೋಡ್ರಿ” ಎಂದರು. ನಮ್ಮಲ್ಲಿದ್ದುದು ಹನಿ ಹಾಕಿ ಹಳದಿ ನೋಡುವ ಅಗ್ಗದ ಕಿಟ್. ಅದು ಕೆಲಸಕ್ಕೆ ಬರುವ ಕ್ಲೋರಿನ್ನನ್ನೂ ಕ್ಲೋರಮೀನನ್ನೂ ಒಟ್ಟಿಗೆ ತೋರಿಸುತ್ತದೆ. ಗುಲಾಬಿ ಬಣ್ಣದ ಡಿ.ಪಿ.ಡಿ. ಕಿಟ್ಟಿನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ನೋಡಬಹುದು, ಆದರೆ ಸಯನ್ಯೂರಿಕ್ ಆಮ್ಲ ಕಟ್ಟಿಹಾಕಿದ್ದನ್ನು ಅದೂ ಹೇಳುವುದಿಲ್ಲ. ಅದಕ್ಕೆ ಇನ್ನೊಂದು ಪರೀಕ್ಷೆಯಿದೆ. ಕೊಳದ ನೀರಿಗೆ ಮೆಲಮೈನ್ ದ್ರಾವಣ ಬೆರೆಸಿ, ತಳದಲ್ಲಿ ಕಪ್ಪು ಚುಕ್ಕೆಯಿರುವ ಕೊಳವೆಗೆ ಸುರಿಯುತ್ತ ಹೋಗುತ್ತಾರೆ. ನೀರು ಮಜ್ಜಿಗೆ ತಿಳಿಯಂತೆ ಮಸುಕಾಗಿ ಚುಕ್ಕೆ ಕಾಣದಾಗುವ ಮಟ್ಟದಲ್ಲಿ ಅಂಕಿ ಓದಬೇಕು; ಚುಕ್ಕೆ ಬೇಗ ಮಾಯವಾದಷ್ಟೂ ಆಮ್ಲ ಹೆಚ್ಚು. ಅವಘಡದ ನಂತರ ನಾವು ಇದನ್ನು ಮಾಡಿದಾಗ ಚುಕ್ಕೆ 100ರ ಗೆರೆಗಿಂತ ಎಷ್ಟೋ ಮೊದಲೇ ಮಾಯವಾಯಿತು. ಅರ್ಧ ಶುದ್ಧ ನೀರು ಬೆರೆಸಿ ಮತ್ತೆ ಅಳೆಯಬೇಕಾಯಿತು.

ಆ ವಾರವೇ ಕೊಳ ಮುಚ್ಚಬೇಕಿತ್ತು. ಆಳದ ತುದಿಯಲ್ಲಿ ತಳದ ಜಾಲರಿ ಮೇಲಿನಿಂದ ಸ್ಪಷ್ಟವಾಗಿ ಕಾಣದಿದ್ದರೆ ಯಾರನ್ನೂ ನೀರಿಗೆ ಇಳಿಸಬಾರದು, ಏಕೆಂದರೆ ಮುಳುಗಿದ ಮಗುವೂ ಅಲ್ಲಿ ಕಾಣುವುದಿಲ್ಲ. ನಮ್ಮ ಜಾಲರಿ ನಾಲ್ಕು ದಿನದಿಂದ ಕಾಣುತ್ತಿರಲಿಲ್ಲ. ಶಾಲೆಗಳಿಗೆ ರಜೆ, ಬಾಗಿಲಲ್ಲಿ ಮಕ್ಕಳ ಗದ್ದಲ, ಟಿಕೆಟಿನ ಲೆಕ್ಕ ಕೇಳುವ ಮೇಲಿನವರು, ನಾನು ಮುಚ್ಚಲಿಲ್ಲ. ಇಡೀ ಪ್ರಕರಣದಲ್ಲಿ ಇಂದಿಗೂ ನನ್ನನ್ನು ಹೆಚ್ಚು ಕಾಡುವುದು ಇದೇ. ಮುಚ್ಚುವುದನ್ನು ಬಿಟ್ಟು, ಪಾಚಿ ಹೊಡೆಯಲು ಹೆಚ್ಚು ಪ್ರಬಲವಾದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳುಗಳನ್ನು ತರಿಸಿ, ಮಾತ್ರೆಗಳ ಡಬ್ಬಿಯ ಪಕ್ಕದಲ್ಲೇ ಇಡಿಸಿದೆ. ಅಳೆಯಲು ಇದ್ದುದು ಒಂದೇ ಮಗ್ಗು.

ಕಾಕಾ ಮಾಡಿದ್ದಿಷ್ಟು: ಮಾತ್ರೆಗಳ ಒದ್ದೆ ಪುಡಿ ತಳದಲ್ಲಿ ಉಳಿದಿದ್ದ ಬಕೆಟಿಗೆ ಆ ಮಗ್ಗಿನಿಂದ ಎರಡು ಸಲ ಹರಳು ಸುರಿದರು. ಕೆಲವೇ ಕ್ಷಣಗಳಲ್ಲಿ ಬಕೆಟ್ ಬುಸುಗುಟ್ಟಿ ಉಕ್ಕಿತು, ಹಳದಿ ಹಸಿರು ಹೊಗೆ ಎದ್ದಿತು, ಚೆಲ್ಲಿದ ನೊರೆ ಶಹಾಬಾದ ಕಲ್ಲಿನ ನೆಲದ ನುಣುಪನ್ನು ತಿಂದು ತಟ್ಟೆಯಗಲದ ಬಿಳಿ ಕಲೆ ಮಾಡಿತು. ಈ ಎರಡು ವಸ್ತುಗಳು ತೇವದಲ್ಲಿ ಕೂಡಿದರೆ ಬಿಸಿಯೇರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ಸಿಡಿಯುವ ವಸ್ತುವೂ ಹುಟ್ಟಬಹುದು. ಬಕೆಟ್ ಸಿಡಿಯದೆ ಇದ್ದದ್ದು ನಮ್ಮ ಪುಣ್ಯ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ನಮ್ಮ ಪಂಪ್ ಕೋಣೆಯೋ ನೆಲಮಟ್ಟದಿಂದ ಆರು ಮೆಟ್ಟಿಲು ಕೆಳಗಿತ್ತು, ಹೊಗೆ ಅಲ್ಲೇ ತುಂಬಿಕೊಂಡಿತು. ಕೆಮ್ಮುತ್ತ ಮೇಲೆ ಬಂದ ಕಾಕಾ ಮೆಟ್ಟಿಲ ತುದಿಯಲ್ಲೇ ಕುಸಿದರು. ಅವರು ಒಳಗೇ ಬಿದ್ದಿದ್ದರೆ ಎತ್ತಿ ತರಲು ಮೂಗಿಗೆ ವಸ್ತ್ರ ಕಟ್ಟಿಕೊಂಡು ಇಳಿಯಲು ಇಬ್ಬರು ಹುಡುಗರು ಸಿದ್ಧರಾಗಿ ನಿಂತಿದ್ದರು. ಹಾಗೆ ಇಳಿದವರೂ ಹೊರಗೆ ಬರುತ್ತಿರಲಿಲ್ಲ. ನೀರಿನಲ್ಲಿದ್ದ ಮಕ್ಕಳನ್ನು ಗಾಳಿ ಬರುವ ದಿಕ್ಕಿನ ಗೇಟಿನಿಂದ ಹೊರಗೆ ಕಳಿಸಿದೆವು.

ಆಸ್ಪತ್ರೆಯಲ್ಲಿ ಮಾತಾಡುವಷ್ಟಾದ ಮೇಲೆ ಕಾಕಾ ಕೇಳಿದ್ದು ಒಂದೇ: “ಎರಡೂ ಕ್ಲೋರಿನ್ನೇ ಅಲ್ರೀ ಸರ್ರ, ನಾ ಬ್ಯಾರೆ ಏನ್ ಹಾಕೀನಿ?” ಎರಡೂ ಡಬ್ಬಿಗಳ ಮೇಲೆ ದೊಡ್ಡ ಅಕ್ಷರದಲ್ಲಿದ್ದುದು ಅದೇ ಪದ, ಅದೂ ಅವರಿಗೆ ಓದಲು ಬಾರದ ಇಂಗ್ಲಿಷಿನಲ್ಲಿ.

ಈಗ ಹರಳು ಇರುವುದು ಟಿಕೆಟ್ ಕೋಣೆಯ ಹಿಂದಿನ ಒಣ ಕೊಠಡಿಯಲ್ಲಿ, ಮಾತ್ರೆ ಇರುವುದು ಕೊಳದ ಆಚೆ ಬದಿಯಲ್ಲಿ. ಪಂಪ್ ಕೋಣೆಯಲ್ಲಿ ಯಾವುದೂ ಇಲ್ಲ. ಕೆಂಪು ಮಗ್ಗು ಒಂದಕ್ಕೆ, ನೀಲಿ ಮಗ್ಗು ಇನ್ನೊಂದಕ್ಕೆ, ಎರಡನ್ನೂ ಡಬ್ಬಿಗೆ ಸರಪಳಿಯಿಂದ ಕಟ್ಟಿದ್ದೇವೆ. ನೀರಿನ ಪಿ.ಎಚ್., ಅಂದರೆ ಆಮ್ಲ-ಕ್ಷಾರದ ಮಟ್ಟ, ಇಳಿಸುವ ಆಮ್ಲಕ್ಕೆ ಮೂರನೆಯ ಜಾಗ, ಏಕೆಂದರೆ ಅದು ಹರಳಿಗೆ ತಾಗಿದರೂ ಇದೇ ಅನಿಲ ಏಳುತ್ತದೆ. ಬಕೆಟಿನಲ್ಲಿ ಮೊದಲು ನೀರು, ಆಮೇಲೆ ಹರಳು. ಹರಳಿನ ಮೇಲೆ ನೀರು ಸುರಿಯುವಂತಿಲ್ಲ. ಮಕ್ಕಳು ನೀರಿನಲ್ಲಿರುವಾಗ ಯಾವ ಔಷಧವನ್ನೂ ಹಾಕುವುದಿಲ್ಲ.

ಕೊಳದ ಅರ್ಧ ನೀರು ಬದಲಿಸಿ ಸಯನ್ಯೂರಿಕ್ ಆಮ್ಲವನ್ನು 140ರಿಂದ 70ಕ್ಕೆ ಇಳಿಸಲು 5,000 ಲೀಟರಿನ 47 ಟ್ಯಾಂಕರ್ ನೀರು ಬೇಕಿತ್ತು. ಮೇ ತಿಂಗಳಲ್ಲಿ ಅಷ್ಟು ನೀರು ಕೇಳುವ ಮುಖ ನನಗಿರಲಿಲ್ಲ. ಮಾರ್ಚ್‌ನಿಂದಲೇ ಫಿಲ್ಟರಿನೊಳಗೆ ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವ ಬ್ಯಾಕ್‌ವಾಶ್ ನೆಪದಲ್ಲಿ ವಾರವಾರ ಸ್ವಲ್ಪ ಹಳೆ ನೀರು ಹೊರಬಿಟ್ಟು, ಮಾತ್ರೆ ಕಡಿಮೆ ಮಾಡಿ, ಬ್ಲೀಚಿಂಗ್ ಪೌಡರನ್ನು ಸಂಜೆ ಬಿಸಿಲಿಳಿದ ಮೇಲೆ ಹಾಕಿದ್ದರೆ ಆ ಲೆಕ್ಕವೇ ಬರುತ್ತಿರಲಿಲ್ಲ. ಕೊಳದ ಬಾಗಿಲಿಗೆ ಹಾಕಿದ ಬೀಗವನ್ನು ಮಳೆ ಬರುವವರೆಗೂ ತೆಗೆಯಲಿಲ್ಲ.